ಹಳ್ಳದಾಚೆಗಿನ ಛತ್ರಿ

ಗುರುವಾರದ ಕಂತಿಗೆ ಬಂದ ಪ್ರತಿಕ್ರಿಯೆಗಳು ಎರಡು ಸಾವಿರದ ಮೇಲೆ. ಹೆಚ್ಚಿನವರು ನಕ್ಕಿದ್ದರು, ಹತ್ತಿಪ್ಪತ್ತು ಜನ ಬೈದಿದ್ದರು, ಒಬ್ಬಳು ಮಾತ್ರ ಒಂದು ಪ್ರಶ್ನೆ ಕೇಳಿದ್ದಳು. ಆ ಒಂದು ಪ್ರಶ್ನೆಯ ದೆಸೆಯಿಂದ ನಿವೃತ್ತ ಹೆಡ್ ಕಾನ್ಸ್‌ಟೇಬಲ್ ಶಾಂತಯ್ಯ ಹಿರೇಮಠನಿಗೆ ಶುಕ್ರವಾರ ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಓದಿ ಹೇಳಿದವಳು ಸೊಸೆ ಐಶ್ವರ್ಯಾ. ಅವಳು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಬೆಳಿಗ್ಗೆ ಹೊರಡುವ ಮುಂಚೆ ಚಹಾದ ಜೊತೆ ಮಾವನಿಗೆ ಒಂದಿಷ್ಟು ಪ್ರತಿಕ್ರಿಯೆಗಳನ್ನು ಓದಿ ಹೇಳುವುದು ಎರಡು ತಿಂಗಳಿಂದ ಉಣಕಲ್ಲಿನ ಆ ಮನೆಯ ಪದ್ಧತಿಯಾಗಿಬಿಟ್ಟಿತ್ತು.

“ಕೇಳ್ರಿ ಮಾವಾರ, ಗದಗಿನಾಂವ ಒಬ್ಬಾಂವ ಬರದಾನ, ‘ಈ ಸಲ ಪ್ರಶಸ್ತಿ ಹೀರೋಗ ಬ್ಯಾಡ, ಛತ್ರಿಗೆ ಕೊಡ್ರಿ’ ಅಂತ. ಇನ್ನೊಬ್ಬಾಕಿ ಬರದಾಳ, ‘ನಕ್ಕೂ ನಕ್ಕೂ ನಮ್ಮತ್ತಿಯವರ ಹಲ್ಲಿನ ಸೆಟ್ಟ ಕೆಳಗ ಬಿತ್ತು’ ಅಂತ. ಇಲ್ಲೆ ಒಬ್ರು ಸಿಟ್ಟಿಗೆದ್ದಾರ ನೋಡ್ರಿ. ಹೆಣಾ ಎಳದದ್ದಕ್ಕಲ್ಲ, ಹಳ್ಳ ಉಲ್ಟಾ ಹರಿಯೂದು ತೋರ್ಸ್ಯಾರಂತ.”

ಶಾಂತಯ್ಯ ಚಹಾವನ್ನು ಬಸಿಗೆ ಸುರಿದುಕೊಂಡು ಸುರ್ ಎಂದು ಹೀರುತ್ತ, ಹೊಗಳಿಕೆ ಕೇಳಿದ ಎಲ್ಲ ಗಂಡಸರ ಹಾಗೆ ಕಿಟಕಿಯಾಚೆ ನೋಡುವ ನಾಟಕ ಮಾಡುತ್ತಿದ್ದ.

“ಇದೊಂದು ಬ್ಯಾರೇನ ಐತ್ರಿ,” ಎಂದಳು ಐಶ್ವರ್ಯಾ. “‘ಆ ಸತ್ತವರ ಛತ್ರಿ ಹಿಡಿಕಿಗೆ ತಾಮ್ರದ ತಂತಿ ಸುತ್ತಿತ್ತೇನ್ರಿ? ಗೊತ್ತಿದ್ದವರು ದಯಮಾಡಿ ಹೇಳ್ರಿ.’ ರಜನಿ, ಅಮ್ಮಿನಬಾವಿ.”

ಬಸಿಯಲ್ಲಿದ್ದ ಚಹಾ ಶಾಂತಯ್ಯನ ಧೋತರದ ಮೇಲೆ ಚೆಲ್ಲಿತು. ಮಂದಿ ಎಂಥ ಹುಚ್ಚು ಪ್ರಶ್ನೆ ಕೇಳುತ್ತಾರೆ ಎಂದು ಸೊಸೆ ನಕ್ಕು, ಫೋನನ್ನು ಚೀಲಕ್ಕೆ ಹಾಕಿಕೊಂಡು ಶಾಲೆಗೆ ಹೋದಳು.

ಧಾರಾವಾಹಿಯಲ್ಲಿ ತೋರಿಸಿದ ಛತ್ರಿಗೆ ಅಗ್ಗದ ಪ್ಲಾಸ್ಟಿಕ್ ಹಿಡಿಕೆ ಇತ್ತು. ತಂತಿ ಇದ್ದದ್ದು ನಿಜವಾದ ಛತ್ರಿಗೆ. ಒಂದು ಸುತ್ತಿನ ಪಕ್ಕಕ್ಕೆ ಇನ್ನೊಂದು ಸುತ್ತು, ಕೂದಲು ಹೋಗುವಷ್ಟೂ ಸಂದಿಲ್ಲದ ಹಾಗೆ, ಕೈ ಪಳಗಿದ ಮನುಷ್ಯನೊಬ್ಬ ಪುರುಸೊತ್ತಿನಲ್ಲಿ ಕೂತು ಸುತ್ತಿದ್ದು. ಆ ತಂತಿಯ ವಿಷಯವನ್ನು ಶಾಂತಯ್ಯ ಈ ಇಪ್ಪತ್ತೊಂದು ವರ್ಷಗಳಲ್ಲಿ ಯಾರಿಗೂ ಹೇಳಿರಲಿಲ್ಲ. ಕತೆ ನೂರು ಸಲ ಹೇಳಿದ್ದ, ತಂತಿಯನ್ನು ಒಮ್ಮೆಯೂ ಹೇಳಿರಲಿಲ್ಲ.

ಪೊಲೀಸರು ನಿವೃತ್ತರಾದ ಮೇಲೆ ಎರಡೇ ಕೆಲಸ ಮಾಡುತ್ತಾರೆ. ಒಂದು, ಸಕ್ಕರೆ ಕಾಯಿಲೆ ಸಾಕುವುದು. ಇನ್ನೊಂದು, ಕತೆ ಹೇಳುವುದು. ಶಾಂತಯ್ಯನಿಗೆ ಸಕ್ಕರೆ ಇರಲಿಲ್ಲ. ಮದುವೆ ಮನೆ, ಸಾವಿನ ಮನೆ, ಕ್ಷೌರದ ಅಂಗಡಿ, ಎಲ್ಲಿ ಕೂರಿಸಿದರೂ ಅವನ ಸುತ್ತ ನಾಲ್ಕು ಜನ ಸೇರುತ್ತಿದ್ದರು. ಹೋದ ವರ್ಷ ಧಾರವಾಡದ ಸೌರಭ ಎಂಬ ಹುಡುಗ ಟಿವಿಗೆ ಪೊಲೀಸ್ ಧಾರಾವಾಹಿ ಬರೆಯುತ್ತೇನೆ, ನಗೆಯೂ ಇರಬೇಕು, ಹೆಣವೂ ಬೀಳಬೇಕು, ನಮ್ಮ ಕಡೆಯ ಮಾತೇ ಇರಬೇಕು ಎಂದು ಕತೆ ಕೇಳಿಕೊಂಡು ಬಂದಾಗ, ಶಾಂತಯ್ಯ ಮೂರು ದಿನ ಬಾಯಿ ಮುಚ್ಚಲಿಲ್ಲ. ಹಾಗೆ ಹುಟ್ಟಿದ್ದು ‘ಠಾಣೆಯಲ್ಲಿ ಯಾರೂ ಇಲ್ಲ’. ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಅದನ್ನು ನೋಡದವರೇ ಇಲ್ಲ ಅನ್ನುವ ಹಾಗಾಯಿತು. ಸೌರಭ ಒಂದು ಸಂದರ್ಶನದಲ್ಲಿ ಶಾಂತಯ್ಯನನ್ನು ಪಕ್ಕಕ್ಕೆ ಕೂರಿಸಿಕೊಂಡು, ಇವರೇ ನಮ್ಮ ಕತೆಗಳ ಗಣಿ ಎಂದು ತೋರಿಸಿಬಿಟ್ಟ. ಆಮೇಲೆ ಮುದುಕ ಹಾದಿಯಲ್ಲಿ ಹೋಗುವಂತಿರಲಿಲ್ಲ, ಜನ ಮಾತಾಡಿಸಿ ಮಾತಾಡಿಸಿ ತಡೆದು ನಿಲ್ಲಿಸುತ್ತಿದ್ದರು.

ಗುರುವಾರ ಬಂದದ್ದು ಅವನ ಕತೆಗಳಲ್ಲೇ ರಾಜನಂಥ ಕತೆ. ನಸುಕಿನಲ್ಲಿ ಹಳ್ಳದ ದಂಡೆಗೆ ಒಂದು ಅನಾಥ ಹೆಣ. ಹಳ್ಳವೇ ಎರಡು ಠಾಣೆಗಳ ಗಡಿ. ಈಚೆ ಬಿದ್ದರೆ ಈ ಠಾಣೆಯವರು ಪಂಚನಾಮೆ ಮಾಡಬೇಕು, ಹೆಣ ಕಾಯಬೇಕು, ಆಸ್ಪತ್ರೆಗೆ ಸಾಗಿಸಬೇಕು, ಊರೂರಿಗೆ ಕಾಗದ ಬರೆಯಬೇಕು. ಅವತ್ತೇ ಸಾಹೇಬರ ಇನ್ಸ್‌ಪೆಕ್ಷನ್ ಬೇರೆ. ಇಬ್ಬರು ಪೊಲೀಸರು ಹೆಣದ ಕಾಲು ಹಿಡಿದು ಹಳ್ಳದಾಚೆ ಎಳೆಯುತ್ತಾರೆ. ನಡು ನೀರಿನಲ್ಲಿ, ಹೆಣದ ಮುಷ್ಟಿಯಲ್ಲಿದ್ದ ಛತ್ರಿ ಫಟ್ಟನೆ ಬಿಚ್ಚಿಕೊಳ್ಳುತ್ತದೆ. ಸತ್ತವನು ನೆರಳು ಹಿಡಿದುಕೊಂಡು ಗಡಿ ದಾಟುತ್ತಾನೆ! ಧಾರಾವಾಹಿಯಲ್ಲಿ ಆಚೆ ಠಾಣೆಯವರು ಹೆಣವನ್ನು ವಾಪಸ್ಸು ತಳ್ಳುತ್ತಾರೆ, ಇವರು ಮತ್ತೆ ಎಳೆಯುತ್ತಾರೆ, ಹೀಗೆ ಮೂರು ಸಲ. ನಿಜದಲ್ಲಿ ನಡೆದದ್ದು ಒಂದೇ ಸಲ. ಛತ್ರಿ ಬಿಚ್ಚಿದ್ದು ಮಾತ್ರ ನಿಜ.

ನಿಜವಲ್ಲದ್ದು ಸಾಹೇಬರ ಇನ್ಸ್‌ಪೆಕ್ಷನ್. ಅವತ್ತು ಶ್ರಾವಣ ಸೋಮವಾರ, ಶಾಂತಯ್ಯನ ಮಗನ ಅಯ್ಯಾಚಾರ. ಜಂಗಮರ ಮನೆಯಲ್ಲಿ ಗಂಡುಮಗನಿಗೆ ದೀಕ್ಷೆ ಕೊಟ್ಟು ಅಯ್ಯನನ್ನಾಗಿ ಮಾಡುವ ದಿನ. ಗುರುಗಳು ಒಂಬತ್ತು ಗಂಟೆಗೆ ಬರುವವರು. ಹೆಣ ಈಚೆ ಇದ್ದಿದ್ದರೆ ಸಂಜೆಯವರೆಗೂ ಅಲ್ಲೇ ಕೂರಬೇಕಿತ್ತು. ಹಾಗಾಗಿ ಎಳೆದ. ಮನೆಗೆ ಹೋಗಿ ತಲೆ ಮೇಲೆ ನೀರು ಹಾಕಿಕೊಂಡು, ವಿಭೂತಿ ಬಳಿದುಕೊಂಡು ಮಗನ ಪಕ್ಕ ಕೂತ. ಆಚೆ ಠಾಣೆಯವರು ಮೂರು ದಿನ ನೋಡಿ ವಾರಸುದಾರರಿಲ್ಲ ಎಂದು ಬರೆದು ಹೂಳಿಸಿದರು.

ಎಂಟನೇ ದಿನಕ್ಕೆ ಒಬ್ಬ ಹೆಂಗಸು ಸಣ್ಣ ಹುಡುಗಿಯ ಕೈ ಹಿಡಿದುಕೊಂಡು, ಮೈದುನನ ಜೊತೆಗೆ, ಶಾಂತಯ್ಯನ ಠಾಣೆಗೇ ಬಂದಳು. ಗಂಡ ಮೋಟರ್ ವೈಂಡಿಂಗ್ ಕೆಲಸದವನು, ಉಣಕಲ್ ಕಡೆಯ ತೋಟವೊಂದಕ್ಕೆ ಪಂಪಿನ ಮೋಟರು ರಿಪೇರಿಗೆಂದು ಹೋದವನು ಬಂದಿಲ್ಲ, ಕೈಯಲ್ಲಿ ಛತ್ರಿ ಇತ್ತು, ಹಿಡಿಕೆಗೆ ತಾನೇ ತಾಮ್ರದ ತಂತಿ ಸುತ್ತಿಕೊಂಡಿದ್ದ ಎಂದು ಹೇಳಿದಳು. ಬರೆದುಕೊಳ್ಳುತ್ತಿದ್ದವನು ಶಾಂತಯ್ಯ. ಅವನ ಪೆನ್ನು ಅಲ್ಲಿಗೆ ನಿಂತಿತು. ಹೇಳಿದರೆ ಹೆಣ ಹಳ್ಳ ಹೇಗೆ ದಾಟಿತು ಎಂಬ ಪ್ರಶ್ನೆ ಏಳುತ್ತಿತ್ತು, ಇಬ್ಬರ ಖಾಕಿಯೂ ಕಳಚುತ್ತಿತ್ತು. ‘ಕಾಣೆಯಾಗಿದ್ದಾನೆ’ ಎಂದು ಬರೆದ. ‘ಹುಡುಕ್ತೇವಿ’ ಅಂದ. ಅಷ್ಟೇ.

ಈ ಎಂಟನೇ ದಿನ ಅವನ ಕತೆಯಲ್ಲಿ ಎಂದೂ ಬರುತ್ತಿರಲಿಲ್ಲ. ಜನ ನಕ್ಕಷ್ಟೂ ಆ ದಿನ ಇನ್ನಷ್ಟು ದೂರ ಹೋಗುತ್ತಿತ್ತು. ಬಹುಶಃ ಅದಕ್ಕಾಗಿಯೇ ಅವನು ಕತೆ ಹೇಳುತ್ತಿದ್ದ. ಈಗ ಆ ಹುಡುಗಿ ಬೆಳೆದು ದೊಡ್ಡವಳಾಗಿ, ಎರಡು ಸಾವಿರ ನಗುವಿನ ಕೆಳಗೆ ಕೂತು, ಹಿಡಿಕೆಗೆ ತಂತಿ ಇತ್ತೇ ಎಂದು ಕೇಳುತ್ತಿದ್ದಾಳೆ. ಹೌದು ಅಂದರೆ ಒಂದು ಕಷ್ಟ, ಸುಮ್ಮನಿದ್ದರೆ ಇನ್ನೊಂದು.

ಮನೆಯಲ್ಲಿ ಕೂರಲಾಗದೆ ಶಾಂತಯ್ಯ ಕೆರೆಯ ಸುತ್ತ ಒಂದು ಸುತ್ತು ಹಾಕಿದ. ಸಾಲಲಿಲ್ಲ. ಬಸ್ಸು ಹತ್ತಿ ಹುಬ್ಬಳ್ಳಿಯ ದುರ್ಗದಬೈಲಿನ ಪೇಟೆಗೆ ಹೋದ, ಗದ್ದಲದಲ್ಲಿ ತಲೆ ಹಗುರಾದೀತು ಎಂದು. ಅಲ್ಲಿ ಇಕ್ಬಾಲನ ಛತ್ರಿ ಅಂಗಡಿಯ ಮುಂದೆ ಜನ ಕಿಕ್ಕಿರಿದಿದ್ದರು. ಇಕ್ಬಾಲ ರಾತ್ರೋರಾತ್ರಿ ಒಂದು ಬೋರ್ಡು ಬರೆಸಿದ್ದ: ‘ಹೆಣದ ಕೈಯಾಗೂ ಬಿಚ್ಚತೈತಿ! ಗ್ಯಾರಂಟಿ ಛತ್ರಿ.’

“ಅಯ್ಯನೋರ! ಬರ್ರಿ ಬರ್ರಿ!” ಇಕ್ಬಾಲ ಅಂಗಡಿಯಿಂದ ಜಿಗಿದು ಬಂದು ಅವನ ಕೈಗೆ ಒಂದು ಛತ್ರಿ ತುರುಕಿದ. “ಒಂದ್ ಫೋಟೋ ಆಗ್ಲಿ. ಬಟನ್ ಒತ್ರಿ. ನಗ್ರಿ, ನಗ್ರಿ.”

ಶಾಂತಯ್ಯ ಬಟನ್ ಒತ್ತಿದ. ಫಟ್ ಎಂದಿತು. ಸುತ್ತಲಿನವರು ಹೋ ಎಂದು ನಕ್ಕರು. ಆ ಸದ್ದು ಅವತ್ತು ಎಷ್ಟು ಸಣ್ಣದಾಗಿತ್ತು! ನೀರಿನ ಸಪ್ಪಳದಲ್ಲಿ ಕೇಳಿಸಿಯೇ ಇರಲಿಲ್ಲ, ಕಣ್ಣಿಗೆ ಮಾತ್ರ ಕಂಡಿತ್ತು. ನಗು ಬರಲಿ ಎಂದು ಫಟ್ ಅನ್ನುವುದನ್ನು ಸೇರಿಸಿದವನು ತಾನೇ.

ಛತ್ರಿ ವಾಪಸ್ಸು ಕೊಟ್ಟು, ಚಹಾ ಬೇಡವೆಂದು ಹೇಳಿ, ಹಳೇ ಹುಬ್ಬಳ್ಳಿಯಲ್ಲಿದ್ದ ಶಿದ್ದಪ್ಪನ ಮನೆಗೆ ಹೋದ. ಅವತ್ತು ಹೆಣದ ಇನ್ನೊಂದು ಕಾಲು ಹಿಡಿದವನು ಶಿದ್ದಪ್ಪ. ಈಗ ಮಂಚ ಬಿಟ್ಟು ಏಳುವುದು ಕಡಿಮೆ. ಸಕ್ಕರೆಯಿಂದ ಕಾಲಿನ ಎರಡು ಬೆರಳು ತೆಗೆಸಿಕೊಂಡಿದ್ದ. ಶಾಂತಯ್ಯ ವಿಷಯ ಹೇಳಿ ಮುಗಿಸುವವರೆಗೂ ಟಿವಿಯ ಸದ್ದು ಕಡಿಮೆ ಮಾಡಲಿಲ್ಲ.

“ನಿನಗ ಯಾರು ಹೇಳಿದ್ರು ಊರ ತುಂಬ ಡಂಗುರಾ ಹೊಡಿ ಅಂತ?” ಎಂದ ಶಿದ್ದಪ್ಪ. “ನಾ ಇಪ್ಪತ್ತ ವರ್ಷಾತು, ಹೆಂಡತಿ ಮುಂದೂ ಬಾಯಿ ಬಿಟ್ಟಿಲ್ಲ. ನೀ ಟಿವಿಗೆ ಕೊಟ್ಟಿ.”

“ಆ ಹುಡುಗಿ ಕೇಳಾಕತ್ತಾಳಲೋ.”

“ಕೇಳ್ಲಿ. ಕಾಲ್ಪನಿಕ ಅಂತ ಮೊದಲs ಬರದಿರತಾರಲ್ಲ? ಸತ್ತಾಂವ ಸತ್ತ, ಹೂಳಿದ್ದೂ ಆತು. ಈಗ ಹೇಳಿದ್ರ ಆಕಿಗೇನು ಬರತೈತಿ, ನಮಗೇನು ಹೊಕ್ಕೈತಿ, ವಿಚಾರ ಮಾಡು. ಈ ವಯಸ್ಸಿನಾಗ ಕೋರ್ಟ ಮೆಟ್ಟಲಾ ಹತ್ತಾಕ ನನಗ ಕಾಲರ ಎಲ್ಲಿ ಅದಾವು?”

ವಿಚಾರ ಮಾಡಿದರೆ ಶಿದ್ದಪ್ಪನ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಶಾಂತಯ್ಯನಿಗೆ ಸಮಾಧಾನವಾಗಬೇಕಿತ್ತು. ಆದರೆ ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಎಡದ್ದು ಬಲಗಾಲಿಗೆ ಹಾಕಿಕೊಂಡಿದ್ದ. ಹತ್ತು ಹೆಜ್ಜೆ ಹೋದ ಮೇಲೆ ಅದು ಗೊತ್ತಾಯಿತು.

ಶನಿವಾರ ಸೌರಭ ಮನೆಗೇ ಬಂದ, ಪೇಢೆ ಹಿಡಿದುಕೊಂಡು. ಭಾನುವಾರ ಧಾರವಾಡದಲ್ಲಿ ವೀಕ್ಷಕರ ಜೊತೆ ಸಂವಾದ ಇಟ್ಟಿದ್ದರು. ನಟರು ಬರುವವರು, ಜನ ಪ್ರಶ್ನೆ ಕೇಳುವವರು, ಕೊನೆಗೆ ಶಾಂತಯ್ಯನಿಗೆ ಶಾಲು.

“ಕಾಕಾ, ನೀವು ಛತ್ರಿ ಕತಿ ಒಂದು ಹೇಳಿಬಿಡ್ರಿ ಸಾಕು, ಹಾಲ್ ಹಾರಿ ಹೋಗ್ತದ,” ಎಂದ. ಶಾಂತಯ್ಯ ಅದಕ್ಕೆ ಹೂಂ ಅನ್ನದೆ, ರಜನಿ ಎಂಬವಳ ಪ್ರಶ್ನೆಯನ್ನು ಅಳಿಸಲು ಬರುತ್ತದೆಯೇ ಎಂದು ಕೇಳಿದ. ಸೌರಭನ ಕಣ್ಣು ಮಿನುಗಿದವು. “ಅಳಸೂದ್ಯಾಕ ಕಾಕಾ? ಎಷ್ಟು ಮಸ್ತ್ ಅದ ಅದು! ಕಳದುಹೋದ ಮನಿಷ್ಯಾ, ತಾಮ್ರದ ತಂತಿ... ನಾನು ಮುಂದಿನ ಭಾಗಕ್ಕ ಅದನ್ನ ಬರೀಲಿಕ್ಕತ್ತೀನಿ. ಆಕಿ ಖರೇನ ಹುಡುಕ್ಕೋತ ಠಾಣೆಕ್ಕ ಬರ್ತಾಳ, ಹೆಣಾ ಎಳದ ಪೊಲೀಸನs ಕಂಪ್ಲೇಂಟ್ ಬರಕೋತಾನ! ಹ್ಯಾಂಗದ?”

ಶಾಂತಯ್ಯ ಕೈಯಲ್ಲಿದ್ದ ಪೇಢೆಯನ್ನು ತಟ್ಟೆಗೆ ವಾಪಸ್ಸಿಟ್ಟ. ನೀರು ಕುಡಿದು, “ಛಲೋ ಐತಿ,” ಅಂದ.

ಹುಡುಗನ ಮೇಲೆ ಸಿಟ್ಟು ಮಾಡುವಂತಿರಲಿಲ್ಲ. ಅವನಿಗೆ ನಗುವುದನ್ನು ಕಲಿಸಿದವನೇ ತಾನು. ಸೌರಭ ಹೋದ ಮೇಲೆ ಐಶ್ವರ್ಯಾ ತಟ್ಟೆ ತೆಗೆಯುತ್ತ ಹೇಳಿದಳು, “ಮಾವಾರ, ಆ ರಜನಿ ಅನ್ನಾಕಿಗೆ ನಾನs ಉತ್ತರಾ ಬರದೆ. ಪಾಪ, ‘ಇದು ಸುಳ್ಳ ಕತಿ ಅಕ್ಕಾರ, ಹಚ್ಚಿಗೋಬ್ಯಾಡ್ರಿ’ ಅಂತ. ಆಕಿ ಏನ್ ಬರದಾಳ ಗೊತ್ತೇನ್ರಿ? ‘ಹಂಥಾ ಛತ್ರಿ ಹಿಡಕೊಂಡು ಹೋದ ನಮ್ಮಪ್ಪ ಹೊಳ್ಳಿ ಬಂದಿಲ್ಲ. ಸುಳ್ಳಾಗ್ಲಿ ಅಂತ ನಮ್ಮವ್ವ ದೇವರ ಮುಂದ ಕುಂತಾಳ. ಖರೇ ಆಗ್ಲಿ ಅಂತ ನಾನು ಕುಂತೇನಿ.’ ನನಗ ಒಂದೂ ತಿಳೀಲಿಲ್ಲ. ಅಪ್ಪ ಸತ್ತದ್ದು ಖರೇ ಆಗ್ಲಿ ಅಂತ ಯಾರರ ಬೇಡ್ತಾರೇನ್ರಿ?”

ಶಾಂತಯ್ಯನಿಗೂ ತಿಳಿಯಲಿಲ್ಲ. ಆದರೆ ಆ ಮಾತು ಒಳಗೆ ಹೊಕ್ಕು ಕೂತಿತು. ಯಾಕೆ ಹಾಗೆ ಬೇಡುತ್ತಾಳೆ ಎನ್ನುವುದು ತಿಳಿಯದೆ ಇನ್ನು ಒಂದು ತುತ್ತು ಇಳಿಯುವುದಿಲ್ಲ ಎನಿಸಿತು.

ಭಾನುವಾರ ಹನ್ನೊಂದಕ್ಕೆ ಮಗ ಸೊಸೆ ಸ್ಕೂಟರಿನಲ್ಲಿ ಮುಂದೆ ಹೋದರು. ತಾನು ಬಸ್ಸಿಗೆ ಬರುತ್ತೇನೆ ಎಂದ ಶಾಂತಯ್ಯ ಬಿಳಿ ಜುಬ್ಬಾ ತೊಟ್ಟು, ಹಣೆಗೆ ವಿಭೂತಿ ಹಚ್ಚಿ, ಅವಳಿ ನಗರದ ನಡುವೆ ಓಡುವ ಚಿಗರಿ ಬಸ್ಸು ಹತ್ತಿ ಧಾರವಾಡದಲ್ಲಿ ಇಳಿದ. ಸಭಾಭವನಕ್ಕೆ ಐದು ನಿಮಿಷದ ದಾರಿ. ಅವನು ಆ ದಾರಿಗೆ ನಾಲ್ಕು ಹೆಜ್ಜೆ ಇಟ್ಟದ್ದೂ ಹೌದು. ಆಮೇಲೆ ತಿರುಗಿ ಬಸ್ ಸ್ಟ್ಯಾಂಡಿಗೆ ಹೋಗಿ ಅಮ್ಮಿನಬಾವಿ ಬಸ್ಸಿನಲ್ಲಿ ಕೂತ. ಕೂತ ಮೇಲೂ ಎರಡು ಸಲ ಇಳಿಯಲೆಂದು ಎದ್ದ. ಮೂರನೇ ಸಲ ಏಳುವಷ್ಟರಲ್ಲಿ ಬಸ್ಸು ಹೊರಟಿತ್ತು.

ಊರು ದಾಟುವಾಗ ಫೋನು ಬಂತು. “ಮಾವಾರ, ಎಲ್ಲಿ ಅದೀರಿ? ಮಂದಿ ಎಲ್ಲಾ ಕೂಡ್ಯಾರ, ನಿಮ್ಮನ್ನs ಕೇಳಾಕತ್ತಾರ,” ಎಂದಳು ಐಶ್ವರ್ಯಾ.

“ಅಮ್ಮಿನಬಾವಿ ಬಸ್ಸಿನಾಗ ಅದೇನವಾ.” ಕಿಟಕಿಯ ಕಡೆ ತಿರುಗಿ ಹೇಳಿದ. “ಆ ಛತ್ರಿಗೆ ತಂತಿ ಇತ್ತು.”

ಆ ಕಡೆ ಸಭಾಭವನದ ಗದ್ದಲ ಮಾತ್ರ ಕೇಳಿಸಿತು. ಯಾರೋ ಮೈಕಿನಲ್ಲಿ ಏನೋ ಹೇಳಿದರು, ಜನ ನಕ್ಕರು.

“ಖರೇನ್ರಿ?” ಎಂದಳು ಸೊಸೆ.

“ಖರೇ.”

ಅವಳು ಫೋನಿಟ್ಟಳು. ಮನೆಯಲ್ಲಿ ತನ್ನ ಕತೆ ಕೇಳಿ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ಅವಳೇ. ನಾಳೆ ಬೆಳಿಗ್ಗೆ ಚಹಾ ಕೊಟ್ಟಾಳು, ಮುಖ ಮಾತ್ರ ನೋಡಲಾರಳು ಎಂದು ಶಾಂತಯ್ಯನಿಗೆ ಸಂಕಟವಾಯಿತು.

ಅಮ್ಮಿನಬಾವಿಯಲ್ಲಿ ಗುಡಿಕಟ್ಟೆಯ ಮೇಲೆ ಹತ್ತು ಹನ್ನೆರಡು ಜನ ಕೂತಿದ್ದರು. ಮೋಟರ್ ವೈಂಡಿಂಗ್ ಮಾಡುತ್ತಿದ್ದ ಗುರುಬಸವನ ಮನೆ ಯಾವುದು ಎಂದು ಕೇಳಿದ.

“ಯಾವ ಗುರುಬಸವ?” ಎಂದ ಒಬ್ಬ. ಪಕ್ಕದಲ್ಲಿದ್ದ ಅರೆನರೆತ ತಲೆಯವನು ಅವನಿಗೆ ವಿವರಿಸಿದ: “ಅದs, ಓಡಿಹೋದ ಗುರುಬಸವ. ಸೊಲ್ಲಾಪುರದಾಕಿನ್ನ ಕಟಗೊಂಡು ಹೋದ್ನಲ್ಲ?” ಆಮೇಲೆ ಶಾಂತಯ್ಯನಿಗೆ ಕೈ ಮಾಡಿ ತೋರಿಸಿದ. “ಆ ಎದರಿನ ನೀಲಿ ಬಾಗಲಾ ನೋಡ್ರಿ.”

ಅಷ್ಟರಲ್ಲಿ ಫೋನಿನಲ್ಲಿ ಮುಳುಗಿದ್ದ ಅಜರುದ್ದೀನ ಎಂಬ ಟೆಂಪೋ ಡ್ರೈವರ್ ತಲೆಯೆತ್ತಿ ಗುರುತು ಹಿಡಿದೇಬಿಟ್ಟ. “ಏ, ಇವರು ಛತ್ರಿ ಅಯ್ಯನೋರ ನೋಡ್ರಲೇ! ಟಿವಿಯಾಗಿನವರು! ಬರ್ರಿ ಅಯ್ಯನೋರ, ಕುಂಡ್ರಿ, ಹೇಳ್ರಿ ಆ ಕತಿ.” ಕಟ್ಟೆಯ ಮೇಲೆ ಜಾಗ ಮಾಡಿದರು. ಆಮೇಲೆ ಬರುತ್ತೇನೆ ಎಂದು ಶಾಂತಯ್ಯ ನೀಲಿ ಬಾಗಿಲಿಗೆ ನಡೆದ. ಸೊಲ್ಲಾಪುರದವಳು ಎಲ್ಲಿಂದ ಬಂದಳು ಎನ್ನುವುದು ಅವನಿಗೆ ಅರ್ಥವಾಗಲಿಲ್ಲ.

ಬಾಗಿಲು ತೆಗೆದವಳು ಇಪ್ಪತ್ತೇಳರ ಹೆಣ್ಣು, ಮೂಗಿನ ಮೇಲೆ ಕನ್ನಡಕ. ಊರಿನ ಗ್ರಂಥಾಲಯ ನೋಡಿಕೊಳ್ಳುವ ರಜನಿ ಅವಳೇ. ಅವಳೂ ಸಂದರ್ಶನ ನೋಡಿದ್ದಳು. ಗುರುತು ಹಿಡಿದು ಪಕ್ಕಕ್ಕೆ ಸರಿದಳು. ಒಳಗೆ ಅವಳ ತಾಯಿ ಈರವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹಣೆಯಲ್ಲಿ ಕಾಸಗಲದ ಕುಂಕುಮ, ಎರಡೂ ಕೈಯಲ್ಲಿ ಹಸಿರು ಬಳೆ, ಕೊರಳಲ್ಲಿ ತಾಳಿ. ಗಂಡ ಇದ್ದಾನೆ ಎಂದು ಊರೇ ಹೇಳುವಾಗ ಅದನ್ನೆಲ್ಲ ತೆಗೆಯಲು ಅವಳಿಗೆ ಹಕ್ಕೆಲ್ಲಿತ್ತು?

ವಿಭೂತಿ ಕಂಡದ್ದೇ ಅವಳು ಮೊರ ಬದಿಗಿಟ್ಟು ಎದ್ದು, “ಅಯ್ಯನೋರು ಬಂದ್ರೇನವಾ,” ಎಂದು ಬಗ್ಗಿ ಅವನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಶಾಂತಯ್ಯ ಹಿಂದೆ ಸರಿಯಲು ನೋಡಿದ, ಬೆನ್ನಿಗೆ ಗೋಡೆ ಇತ್ತು.

“ಮುಟ್ಟಬ್ಯಾಡ್ರಿ ತಾಯಿ,” ಎಂದ. “ಮೊದಲ ನನ್ನ ಮಾತು ಕೇಳ್ರಿ. ಛತ್ರಿಗೆ ತಂತಿ ಇತ್ತು. ತಾಮ್ರದ್ದು. ಒತ್ತೊತ್ತಾಗಿ ಸುತ್ತಿದ್ದು.”

ಈರವ್ವ ಹಾಗೇ ನೆಲದ ಮೇಲೆ ಕೂತಳು. ಶಾಂತಯ್ಯನೂ ಅವಳೆದುರು ಬರೀ ನೆಲದ ಮೇಲೆ ಕೂತು ಹೇಳಿದ. ಕತೆಯಾಗಿ ಹೇಳಲು ಬರುವಷ್ಟು ಸಲೀಸಾಗಿ ಇದನ್ನು ಹೇಳಲು ಬರಲಿಲ್ಲ. ಹಿಂದುಮುಂದಾಯಿತು, ತೊದಲಿತು. ಮಗನ ಅಯ್ಯಾಚಾರ ಇತ್ತೆಂದು ಹೇಳಿದ, ಎಳೆದದ್ದು ಹೇಳಿದ. ಮೈಮೇಲೆ ಗಾಯವಿರಲಿಲ್ಲ, ಎದೆ ನಿಂತು ಸತ್ತದ್ದೆಂದು ಆಚೆ ಠಾಣೆಯವರು ಆಮೇಲೆ ಹೇಳಿದ್ದು ಹೇಳಿದ. ಹುಬ್ಬಳ್ಳಿಯಲ್ಲಿ ಹೂಳಿದರು, ಜಾಗ ಯಾವುದೆಂದು ಈಗ ತೋರಿಸಲಾರೆ ಎಂದ. ಎಂಟನೇ ದಿನ ನೀವು ಠಾಣೆಗೆ ಬಂದಾಗ ನಾನೂ ಅಲ್ಲೇ ಇದ್ದೆ, ತಂತಿ ಎಂದು ಕೇಳಿದ ಕೂಡಲೇ ತಿಳಿದಿತ್ತು, ಬಾಯಿ ಬಿಡಲಿಲ್ಲ ಎಂದ.

“ಚೀಲ ಇತ್ತೇನ್ರಿ ಅಪ್ಪನ ಕೂಡ?” ರಜನಿ ಕೇಳಿದಳು.

“ಇತ್ತವಾ. ಪಕ್ಕಡ, ತಿರುಪುಳಿ. ಪೇಪರಿನಾಗ ಸುತ್ತಿದ ಒಂದು ಹೊಸಾ ಪಾಟಿ, ಸಾಲಿ ಹುಡುಗರು ಬರಿಯೂದು.”

ರಜನಿ ಕನ್ನಡಕ ತೆಗೆದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. “ನನ್ನ ಪಾಟಿ ಒಡದಿತ್ತು. ತರ್ತೇನಿ ಅಂದಿದ್ದ. ಅವ್ವಾ, ಮನಿಗೇ ಬರಾಕತ್ತಿದ್ದ ನೋಡು. ನಾ ಹೇಳಿದ್ದಿಲ್ಲ?”

ಈರವ್ವ ಅಳಲಿಲ್ಲ. ಮೊರದಲ್ಲಿನ ಜೋಳವನ್ನು ಬೆರಳಿನಿಂದ ಕೆದರುತ್ತ ಕೂತಳು. “ನಾನೂ ನೋಡಿದ್ನಿರಿ ಟಿವಿಯಾಗ,” ಎಂದಳು. “ಭಾಳ ನಕ್ಕೆ. ನಕ್ಕೂ ನಕ್ಕೂ ಕಣ್ಣಾಗ ನೀರು ಬಂದ್ವು. ಈಕಿ ಗಪ್ಪಂತ ಬಂದ್ ಮಾಡಿದ್ಲು. ಯಾಕ ಅಂದ್ರ, ಛತ್ರಿ ಅಂದ್ಲು. ಅವಾಗ ನನಗ ಹೊಳೀತು, ನಾ ಯಾರನ್ನ ನೋಡಿ ನಕ್ಕೆ ಅಂತ.”

ಶಾಂತಯ್ಯ ಕೈ ಮುಗಿದ.

“ಸತ್ತಾನಂತ ನನಗ ಅನಸಿದ್ದಿಲ್ಲೇನ್ರಿ? ಅನಸಿತ್ತು,” ಎಂದಳು ಈರವ್ವ. “ಸತ್ತಾನಂದ್ರ ಕುಂಕುಮ ಹೋಗ್ತಿತ್ತು, ಹೋಗ್ಲಿ. ಇದ್ದಾನಂದ್ರ ಆ ಸೊಲ್ಲಾಪುರದಾಕಿ ಜೋಡಿ ಇದ್ದಾನ. ಎರಡರಾಗ ಯಾವದನ್ನ ಬೇಡಬೇಕು ನಾ? ಈ ಹುಡುಗೀನ ನೋಡಾಕ ಬಂದ ಎರಡು ಗಂಡುಗಳು ಅದs ಮಾತಿಗೆ ಹೊಳ್ಳಿ ಹೋದ್ವು. ಓಡಿಹೋದಾಂವನ ಮಗಳು ಅಂತ.”

“ಸೊಲ್ಲಾಪುರದ ಮಾತು ಎಲ್ಲಿಂದ ಬಂತ್ರಿ?” ಶಾಂತಯ್ಯ ಕೇಳಿದ.

“ಠಾಣ್ಯಾಗಿಂದs ಬಂತು. ಅವತ್ತ ಬರಕೊಳ್ಳಾಕತ್ತಿದ್ದ ಪೊಲೀಸಪ್ಪ ಕೇಳಿದ, ‘ನಿನ್ನ ಗಂಡಗ ಬ್ಯಾರೆ ಹೆಂಗಸಿನ ಸಂಬಂಧ ಇತ್ತೇನು? ಹಂಗಿದ್ರ ಸೊಲ್ಲಾಪುರ ಕಡೆ ನೋಡ್ರಿ, ಎಲ್ಲಾರೂ ಅಲ್ಲೇ ಹೊಕ್ಕಾರ’ ಅಂತ. ನನ್ನ ಮೈದುನ ಬಾಜೂಕs ಇದ್ದ. ಊರಿಗೆ ಬಂದು ಪೊಲೀಸರs ಹೇಳ್ಯಾರ ಅಂದ. ಆತಲ್ಲ, ಪೊಲೀಸರ ಮಾತು ಯಾರು ಅಲ್ಲಗಳೀತಾರ?”

ಆ ಪ್ರಶ್ನೆ ಶಾಂತಯ್ಯನಿಗೆ ನೆನಪೇ ಇರಲಿಲ್ಲ. ಗಂಡ ಕಾಣೆಯಾದ ಎಂದು ಬಂದ ಪ್ರತಿ ಹೆಂಗಸಿಗೂ ಅವನು ಅದನ್ನು ಕೇಳುತ್ತಿದ್ದ, ಎಲ್ಲ ಠಾಣೆಯಲ್ಲೂ ಕೇಳುತ್ತಾರೆ. ಸೊಲ್ಲಾಪುರ ಅವನದೇ ಚಟಾಕಿ. ಪ್ರತಿ ಸಲವೂ ಪಕ್ಕದ ಮೇಜಿನವರು ನಗುತ್ತಿದ್ದರು. ಅವತ್ತು, ಹೆಣ ಎಲ್ಲಿದೆ ಎಂದು ಚೆನ್ನಾಗಿ ಗೊತ್ತಿದ್ದೂ, ಪೆನ್ನು ನಿಂತದ್ದು ಯಾರಿಗೂ ಕಾಣದಿರಲಿ ಎಂದು, ಅದೇ ಚಟಾಕಿ ಹಾರಿಸಿರಬೇಕು. ಹೆಣ ಎಳೆದದ್ದನ್ನು ಜನ ಕ್ಷಮಿಸಿಯಾರು, ಸುಮ್ಮನಿದ್ದದ್ದನ್ನೂ ಕ್ಷಮಿಸಿಯಾರು. ಇದನ್ನು ಅವನೇ ಕ್ಷಮಿಸಿಕೊಳ್ಳಲಾರದೆ ಹೋದ.

“ಬರಕೊಂಡಾಂವ ನಾನs ತಾಯಿ,” ಎಂದ. “ಆ ಮಾತು ಆಡಿದಾಂವನೂ ನಾನs.”

ಈರವ್ವ ಅವನ ಮುಖವನ್ನು ಮೊದಲ ಸಲ ನೆಟ್ಟಗೆ ನೋಡಿದಳು. ಬೈದರೆ ತಡೆದುಕೊಳ್ಳುತ್ತಿದ್ದ, ಹೊಡೆದಿದ್ದರೆ ಬೇಕೆಂದೇ ಹೊಡೆಸಿಕೊಳ್ಳುತ್ತಿದ್ದ. ಅವಳು ಎರಡನ್ನೂ ಮಾಡಲಿಲ್ಲ. ಮೊಣಕಾಲಿಗೆ ಕೈ ಊರಿ ಎದ್ದು ಬಾಗಿಲು ಅಗಲವಾಗಿ ತೆಗೆದಳು. ಎದುರಿಗೆ ಕಟ್ಟೆ ಕಾಣುತ್ತಿತ್ತು, ಜನ ಇನ್ನೂ ಕೂತಿದ್ದರು.

“ಕತಿ ಛಲೋ ಹೇಳ್ತೀರಂತ,” ಎಂದಳು. “ಅಲ್ಲಿ ಕುಂತಾರ ನೋಡ್ರಿ. ಹೋಗಿ ಹೇಳ್ರಿ.”

ಬಾಗಿಲಿನಿಂದ ಕಟ್ಟೆಗೆ ಮೂವತ್ತು ಹೆಜ್ಜೆ ಇದ್ದೀತು. ಶಾಂತಯ್ಯ ನಡೆಯುತ್ತಿದ್ದರೆ ಹಿಂದೆ ತಾಯಿ ಮಗಳು ಬರುತ್ತಿದ್ದರು. ಅಜರುದ್ದೀನ ಸರಿದು ಕೂತು ಕಟ್ಟೆಯನ್ನು ಟವೆಲ್ಲಿನಿಂದ ಝಾಡಿಸಿದ.

“ಬರ್ರಿ ಅಯ್ಯನೋರ, ನಾವೂ ಕಾಯಾಕತ್ತೇವಿ. ಆ ಹೆಣಾ ಛತ್ರಿ ಬಿಚ್ಚಿದ್ದು ಹೇಳ್ರಿ ಮೊದಲ.” ಆಗಲೇ ಇಬ್ಬರು ಮೂವರು ನಗಲು ಬಾಯಿ ಸಜ್ಜು ಮಾಡಿಕೊಂಡಿದ್ದರು.

ಶಾಂತಯ್ಯ ಕಟ್ಟೆಯ ಮೇಲೆ ಕೂತ. ರೂಢಿಯಾದ ನಾಲಿಗೆ. ‘ಅವತ್ತ ಸಾಹೇಬರ ಇನ್ಸ್‌ಪೆಕ್ಷನ್ ಇತ್ತು’ ಎಂಬಲ್ಲಿಗೆ ತಾನಾಗಿಯೇ ಹೋಯಿತು. ಶಾಂತಯ್ಯ ಅದನ್ನು ಹಿಡಿದು ನಿಲ್ಲಿಸಿದ. ಜನ ನಗುವ ಹಾಗೆ ಹೇಳುವುದು ಅವನಿಗೆ ಗೊತ್ತಿತ್ತು. ನಗದ ಹಾಗೆ ಹೇಳುವುದು ಹೇಗೆಂದು ಒಮ್ಮೆಯೂ ಕಲಿತಿರಲಿಲ್ಲ.

“ಆ ಹೆಣಾ ನಿಮ್ಮೂರ ಗುರುಬಸವಂದು,” ಎಂದ.

ಒಬ್ಬ ಫಕ್ಕನೆ ನಕ್ಕ. ಈರವ್ವನ ಮುಖ ಕಂಡು ಅಲ್ಲಿಗೇ ನಿಲ್ಲಿಸಿದ.

“ಗುರುಬಸವ ಓಡಿ ಹೋಗಿದ್ದಿಲ್ಲ. ಮನಿಗೆ ಬರಾಕತ್ತಿದ್ದ. ಮಗಳಿಗೆ ಪಾಟಿ ತೊಗೊಂಡು ಬರಾಕತ್ತಿದ್ದ. ಹಾದ್ಯಾಗ ಸತ್ತ. ಕಾಲು ಹಿಡದು ಹಳ್ಳದ ಆಚೆ ಎಳದು ಒಗದಾಂವ ನಾನು. ಗೊತ್ತಿದ್ದೂ ಇವರಿಗೆ ಹೇಳದಾಂವ ನಾನು. ಸೊಲ್ಲಾಪುರದಾಕಿ ಯಾರೂ ಇದ್ದಿಲ್ಲ. ಆ ಮಾತು ಹುಟ್ಟಿಸಿದಾಂವನೂ ನಾನs. ಗುರುಬಸವಂದು ಏನೂ ತಪ್ಪಿಲ್ಲ.” ಕೊನೆಯ ಮಾತು ಬರುವಷ್ಟರಲ್ಲಿ ಅವನ ದನಿ ಉಡುಗಿಹೋಗಿತ್ತು.

ಅಜರುದ್ದೀನ ತನ್ನ ಫೋನನ್ನು ಕಿಸೆಗೆ ಹಾಕಿಕೊಂಡು ನೆಲ ನೋಡುತ್ತ ಕೂತ.

ಹಿಂದುಗಡೆ, ಕಂಬಕ್ಕೆ ಒರಗಿ ಆ ಅರೆನರೆತ ತಲೆಯವನು ಕೂತಿದ್ದ. ಆಗ ಶಾಂತಯ್ಯನಿಗೆ ಸೊಲ್ಲಾಪುರದ ವಿವರ ಕೊಟ್ಟವನು ಅವನೇ. ಈಗ ಎದ್ದು ಹೋಗಲು ಚಪ್ಪಲಿ ಹುಡುಕುತ್ತಿದ್ದ. ಈರವ್ವ ಅವನತ್ತ ನೋಡಿದಳು.

“ಕುಂಡ್ರು ಮೈದುನಾ,” ಎಂದಳು. ಆಮೇಲೆ ಶಾಂತಯ್ಯನತ್ತ ತಿರುಗಿದಳು. “ಜೋರ ಹೇಳ್ರಿ. ಹಿಂದ ಕುಂತವರಿಗೆ ಕೇಳಿಸಿಲ್ಲ.”

ಶಾಂತಯ್ಯ ಎದ್ದು ನಿಂತು, ಮೊದಲಿನಿಂದ ಇನ್ನೊಮ್ಮೆ ಹೇಳಿದ.